ತಳದ ಗುಟುಕು

ಹಾಲು ಕುಡಿದು ಮುಗಿಸಿದ ಮಾನ್ಯ ಖಾಲಿ ಲೋಟಕ್ಕೆ ಚೊಂಬಿನಿಂದ ಒಂದಿಷ್ಟು ನೀರು ಬಗ್ಗಿಸಿಕೊಂಡಳು. ಲೋಟವನ್ನು ಮೆಲ್ಲಗೆ ಅಲ್ಲಾಡಿಸಿ, ತಳಕ್ಕೆ ಅಂಟಿದ್ದನ್ನು ಬೆರಳಿನಿಂದ ಬಿಡಿಸಿ, ಆ ಬೆಳ್ಳನೆಯ ನೀರನ್ನೂ ಕುಡಿದಳು.

ನಾನು ನೋಡುತ್ತಿದ್ದೆ. ಪತ್ತೇದಾರಿಕೆಯಲ್ಲಿ ಮೊದಲ ಪಾಠ ನೋಡುವುದು. ನೋಡುತ್ತಿದ್ದೇನೆ ಅಂತ ಎದುರಿನವರಿಗೆ ಗೊತ್ತಾಗದಂತೆ ನೋಡುವುದು ಎರಡನೇ ಪಾಠ. ಆ ಎರಡನೆಯದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

"ನಮ್ಮನೇಲಿ ಹಂಗೇ ಮೇಡಂ," ಎಂದಳು ಮಾನ್ಯ. "ಊಟ ಆದ್ಮೇಲೆ ತಟ್ಟೆ ತೊಳೆದು ಕುಡೀಬೇಕು, ಹಾಲು ಕುಡಿದ್ಮೇಲೆ ಲೋಟ. ಪ್ರಸಾದ ಅಲ್ವಾ, ಒಂದು ತೊಟ್ಟೂ ಬಿಡಬಾರ್ದು. ಗ್ರೌಂಡಲ್ಲೂ ಹಂಗೇ ಮಾಡ್ತೀನಿ ಅಂತ ಹುಡ್ಗೀರೆಲ್ಲಾ ನಗ್ತಿದ್ರು."

ಅವಳ ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಒಣಗಿರಲಿಲ್ಲ. ಇಂಥ ಹುಡುಗಿ ಸ್ಟೀರಾಯ್ಡ್ ನುಂಗಿ ಓಡಿದಳು ಅಂದರೆ ನಾನು ನಂಬಲಾರೆ. ಆದರೆ ನಾನು ನಂಬುವುದು ಬಿಡುವುದು ಯಾರಿಗೆ ಬೇಕು? ರಾಜ್ಯ ಕೂಟದಲ್ಲಿ ನಾನೂರು ಮೀಟರ್ ಗೆದ್ದ ದಿನ ಅವಳು ಕೊಟ್ಟ ಮೂತ್ರದ ಸ್ಯಾಂಪಲ್‌ನಲ್ಲಿ ಅದು ಸಿಕ್ಕಿತ್ತು. ಜೊತೆಗೆ ಟೆಸ್ಟ್ ಆದ ಕ್ಲಬ್ಬಿನ ಉಳಿದ ಹುಡುಗಿಯರದ್ದೆಲ್ಲ ಶುದ್ಧ. ಅವತ್ತಿನಿಂದ ಅವಳು ಮೈದಾನದ ಗೇಟು ದಾಟುವ ಹಾಗಿಲ್ಲ.

ನಾಳೆ ಬೆಳಿಗ್ಗೆ ಕಡೆಯ ಅವಕಾಶ. ವಿಚಾರಣೆ ನಡೆಸುತ್ತಿದ್ದ ಸಮಿತಿ ಹುಡುಗಿಯ ಕಣ್ಣೀರಿಗೆ ಕರಗಿ ಇನ್ನೊಂದು ಸ್ಯಾಂಪಲ್ ತೆಗೆಯಲು ಒಪ್ಪಿತ್ತು. ಅದು ಶುದ್ಧವಾಗಿದ್ದರೆ ಅವಳ ಮಾತನ್ನು ಕೂತು ಕೇಳುತ್ತಾರಂತೆ. ಅದರಲ್ಲೂ ಅದೇ ಸಿಕ್ಕರೆ, ಮಾನ್ಯಳ ಓಟ ಅಲ್ಲಿಗೆ ಮುಗಿಯಿತು.

ನಾನು ವಿನುತಾ. ಚಾಮರಾಜಪೇಟೆಯಲ್ಲಿ ಒಂದು ಇಸ್ತ್ರಿ ಅಂಗಡಿಯ ಮೇಲೆ ನನ್ನ ಆಫೀಸು. ಗೊತ್ತು ಮಾಡಿದ ಗಂಡು ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ ಅಂತ ಹೆಣ್ಣಿನ ಕಡೆಯವರಿಗೆ ಪತ್ತೆ ಮಾಡಿಕೊಡುತ್ತಾ ತಲೆಗೂದಲು ನರೆಯಲು ಶುರುವಾಗಿದೆ. ಮಾನ್ಯಳ ಅಣ್ಣ ಮನೋಹರ್ ಮೆಟ್ಟಿಲು ಹತ್ತಿ ಬಂದು, "ನಮ್ಮ ಹುಡುಗಿ ತಪ್ಪು ಮಾಡಿಲ್ಲ, ಮಾಡಿದವರನ್ನ ಹಿಡಿದು ಕೊಡಿ" ಅಂತ ಕೈ ಮುಗಿದಾಗ ಬೇಡ ಅನ್ನಲಾಗಲಿಲ್ಲ. ಬೇಡ ಅನ್ನದಿರಲು ಇನ್ನೊಂದು ಕಾರಣವೂ ಇತ್ತು. ಅದು ಮಲ್ಲೇಶ್ವರದಲ್ಲಿದೆ, ಆಮೇಲೆ ಬರುತ್ತದೆ.

ಈಗ ನಾನು ಕೂತಿದ್ದದ್ದು ಕಾಟನ್‌ಪೇಟೆಯಲ್ಲಿ ಅವರ ಮನೆಯ ನಡುಮನೆಯಲ್ಲಿ. ಕೆಳಗೆ ಮಾನ್ಯಳ ಅಪ್ಪ ಗಂಗಾಧರಯ್ಯನವರ ಸಗಟು ಅಂಗಡಿ, ಬಾದಾಮಿ, ಗೋಡಂಬಿ, ಒಣದ್ರಾಕ್ಷಿ. ಮೇಲೆ ಮನೆ. ಮೂಟೆ ಇಳಿಸುವವರ ಕೂಗು, ತಳ್ಳುಗಾಡಿಯ ಗಡಗಡ, ಏಲಕ್ಕಿ ವಾಸನೆ ಎಲ್ಲ ಕಿಟಕಿಯಿಂದ ಒಳಗೆ ಬರುತ್ತಿತ್ತು.

ಹೊರಗೆ ಏನು ತಿಂದೆ, ಏನು ಕುಡಿದೆ ಅಂತ ನಾನು ಮತ್ತೊಮ್ಮೆ ಕೇಳಿದೆ. ಅವಳು ಬೇಸರ ಮಾಡಿಕೊಳ್ಳದೆ ಮತ್ತೊಮ್ಮೆ ಹೇಳಿದಳು. ಸಮಿತಿಯ ಡಾಕ್ಟರ್ ಕಾವೇರಮ್ಮನವರು ಹೋದ ವರ್ಷ ಕ್ಲಬ್ಬಿಗೇ ಬಂದು ಹುಡುಗಿಯರಿಗೆಲ್ಲ ಪಾಠ ಮಾಡಿದ್ದರಂತೆ. ಮುಚ್ಚಳ ಒಡೆದ ಬಾಟಲಿ ಮುಟ್ಟಬೇಡಿ. ಕೆಮ್ಮಿನ ಔಷಧಿಯನ್ನೂ ಕೇಳದೆ ಕುಡಿಯಬೇಡಿ. ನಿಮ್ಮ ದೇಹದೊಳಗೆ ಏನು ಹೋದರೂ ಅದಕ್ಕೆ ಜವಾಬ್ದಾರಿ ನೀವೇ, ಯಾರೋ ಕೊಟ್ಟರು ಅಂದರೆ ಯಾರೂ ಕೇಳುವುದಿಲ್ಲ.

ಮಾನ್ಯ ಆ ಪಾಠವನ್ನು ವಚನದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು. ಮದುವೆ ಮನೆಗೆ ಹೋದರೂ ನೀರಿನ ಬಾಟಲಿ ಮನೆಯಿಂದಲೇ. ನೆಗಡಿಯಾದರೆ ಬರೀ ಬಿಸಿನೀರಿನ ಹಬೆ.

"ಮನೇದು ಬಿಟ್ರೆ ಗ್ರೌಂಡಲ್ಲಿ ಕೋಚ್ ಸರ್ ಕೊಡೋ ಹಾಲು, ಅಷ್ಟೇ ಮೇಡಂ. ಯಾವ್ದಾದ್ರೂ ಅನುಮಾನ ಬಂದ್ರೆ ಮನೇಲಿ ಅಮ್ಮ ಮಾಡಿದ್ದೊಂದೇ ತಿನ್ರಿ, ಅದಕ್ಕಿಂತ ಸುರಕ್ಷಿತ ಇನ್ನೊಂದಿಲ್ಲ ಅಂತ ಡಾಕ್ಟ್ರೇ ಹೇಳಿದ್ರು."

ಅವಳ ಅಮ್ಮ ದಾಕ್ಷಾಯಣಮ್ಮ ಆ ಹೊತ್ತಿಗೆ ನನಗೆ ಕಾಫಿ ತಂದರು. ಮಗಳು ಮನೆ ಸೇರಿದ ಮೇಲೆ ಆಕೆ ಅರ್ಧ ಇಳಿದು ಹೋಗಿದ್ದರು. ಮಗಳಿಗೆ ಊಟ ಸೇರುತ್ತಿಲ್ಲ, ರಾತ್ರಿ ಟೆರೇಸಿನ ಮೇಲೆ ನಿಂತಲ್ಲೇ ಓಡುತ್ತಾಳೆ, ಹಾಲೊಂದನ್ನು ಮಾತ್ರ ಎರಡು ಹೊತ್ತೂ ಬಿಡದೆ ಕುಡಿಸುತ್ತಿದ್ದೇನೆ ಅಂತ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾದಾಮಿ ಹಾಲಂತೆ. ಅಂಗಡಿಯಿಂದ ಮನೋಹರನೇ ಒಳ್ಳೆಯ ಬಾದಾಮಿ ಆರಿಸಿ, ಪುಡಿ ಮಾಡಿಸಿ ಡಬ್ಬಿ ತುಂಬಿಸಿ ತರುತ್ತಾನಂತೆ. ಮಕ್ಕಳಿಬ್ಬರಿಗೂ ಒಂದೇ ಪಾತ್ರೆಯಿಂದ ಬಗ್ಗಿಸಿ ಕೊಡುತ್ತಾರಂತೆ.

ಮನೋಹರ್ ತಂಗಿಯ ಪಕ್ಕದಲ್ಲೇ ಕೂತಿದ್ದ. ಮೂವತ್ತರ ಒಳಗಿನ ಹುಡುಗ, ಮಾತು ಮೆದು, ಎದ್ದು ಕೂರುವುದರಲ್ಲೂ ಒಂದು ಮರ್ಯಾದೆ. ಅವನೂ ಓಡುತ್ತಿದ್ದವನೇ. ಅವನ ಹಳೆಯ ಸ್ಪೈಕ್ಸ್ ಬೂಟು ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿಯ ಗಲ್ಲಾ ಅವನ ಪಾಲಿಗೆ ಬಂತು, ಓಟ ತಂಗಿಯ ಪಾಲಿಗೆ ಹೋಯಿತು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿದಾಗ ಖಾಲಿ ಬೀದಿಯಲ್ಲಿ ಅವಳಿಗೆ ಓಡಲು ಕಲಿಸಿದವನೇ ಅವನು.

ಅವನು ತನ್ನ ಹಾಲು ಕುಡಿದು ಲೋಟ ಕೆಳಗಿಟ್ಟ. ತಳದಲ್ಲಿ ಒಂದು ಗುಟುಕು ಉಳಿದಿತ್ತು.

"ಬಿಟ್ಯಲ್ಲೋ," ಎಂದು ದಾಕ್ಷಾಯಣಮ್ಮ ಆ ಲೋಟಕ್ಕೆ ನೀರು ಹಾಕಿ ತಾವೇ ಕುಡಿಯಲು ಎತ್ತಿಕೊಂಡರು. ಮನೋಹರ್ ಥಟ್ಟನೆ ಎದ್ದು ಅವರ ಕೈಯಿಂದ ಲೋಟ ಕಸಿದುಕೊಂಡ. ನನ್ನ ಎಂಜಲು ನೀನ್ಯಾಕೆ ಕುಡೀಬೇಕು ಅಂತ ಗೊಣಗುತ್ತಾ ಬಚ್ಚಲಿಗೆ ಹೋಗಿ ಚೆಲ್ಲಿ ಬಂದ. ಈಗಿನ ಹುಡುಗರಿಗೆ ಇಂಥದ್ದೆಲ್ಲ ನಾಚಿಕೆ ಅಂತ ದಾಕ್ಷಾಯಣಮ್ಮ ನನ್ನ ಕಡೆ ನೋಡಿ ನಕ್ಕರು. ಅಮ್ಮನ ಮೇಲೆ ಎಷ್ಟು ಅಕ್ಕರೆ ಅಂದುಕೊಂಡು ನಾನೂ ನಕ್ಕೆ.

ಹೊರಡುವಾಗ ಮಾನ್ಯ ಮೆಟ್ಟಿಲಿನವರೆಗೆ ಬಂದಳು. ಏನೋ ಕೇಳಬೇಕು, ಕೇಳಲು ಸಂಕೋಚ. ಕೊನೆಗೆ ಕೇಳಿದಳು.

"ಗ್ರೌಂಡಿಗೆ ಹೋಗ್ತೀರಲ್ಲ ಮೇಡಂ, ಮೂರನೇ ಲೇನು ನಂದು. ಈಗ ಅದ್ರಲ್ಲಿ ಯಾರು ಓಡ್ತಿದಾರೆ ಅಂತ ಒಂದ್ಸಲ ನೋಡ್ಕೊಂಡು ಬಂದು ಹೇಳ್ತೀರಾ?"

ಖಂಡಿತ ಹೇಳುತ್ತೇನೆ ಅಂದೆ. ನನ್ನ ಕೈನೆಟಿಕ್ ಸ್ಕೂಟರ್ ಎರಡು ಸಲ ಕಿಕ್ ಹೊಡೆಸಿಕೊಂಡೇ ಹೊರಟಿತು.

*

ಮಲ್ಲೇಶ್ವರದ ದಾರಿ ಹಿಡಿದಾಗ ಈಗಲೂ ಸೆರಗು ಸರಿ ಮಾಡಿಕೊಳ್ಳುತ್ತೇನೆ. ನಾನು ಹುಟ್ಟಿದ್ದು ಮತ್ತಿಕೆರೆಯಲ್ಲಿ. ನಮ್ಮಪ್ಪನದೂ ಮುನಿಕೃಷ್ಣಪ್ಪನವರದೂ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಅಕ್ಕಪಕ್ಕದ ತರಕಾರಿ ಅಂಗಡಿ. ಮುನಿಕೃಷ್ಣಪ್ಪನವರ ಮಗ ಶಿವಶಂಕರ್, ಈಗ ಅಲ್ಲೇ ಅರುಣೋದಯ ಅಥ್ಲೆಟಿಕ್ ಕ್ಲಬ್ಬಿನ ಕೋಚ್. ಮಾನ್ಯಳ ಕೋಚ್.

ನಾನು ಮುಂದೂಡಿದ್ದ ಆ ಇನ್ನೊಂದು ಕಾರಣ ಅವನೇ.

ನಮ್ಮಿಬ್ಬರ ಮದುವೆಯ ಮಾತು ಎರಡೂ ಅಂಗಡಿಗಳ ನಡುವೆ ಸೊಪ್ಪಿನ ಕಟ್ಟಿನಷ್ಟೇ ಸಲೀಸಾಗಿ ಓಡಾಡುತ್ತಿತ್ತು. ಶಿವು ಮಾತ್ರ ಒಂದು ಮೆಡಲ್ ಬರಲಿ ಆಮೇಲೆ ಅಂದ. ಮೊದಲು ತನಗೆ ಬರಬೇಕಾದ ಮೆಡಲ್. ಅದು ಬರಲಿಲ್ಲ. ಪಟಿಯಾಲಕ್ಕೆ ಹೋಗಿ ಕೋಚಿಂಗ್ ಕಲಿತು ಬಂದ ಮೇಲೆ, ತಾನು ತಯಾರು ಮಾಡಿದ ಹುಡುಗಿಗೆ ಬರಬೇಕಾದ ಮೆಡಲ್. ಅದೂ ಬರಲಿಲ್ಲ. ಮೆಡಲ್ ಬರದೆ ಅವನು ಮದುವೆಯಾಗಲಿಲ್ಲ. ನಾನು ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಕಾಯುತ್ತಿದ್ದೆ. ಇವತ್ತು ಬೆಳಿಗ್ಗೆಯೂ, ಸೀರೆ ಆರಿಸುವಾಗ, ಕಾಯುತ್ತಲೇ ಇದ್ದೆ.

ಹುಡುಗಿಯರು ಓಡಲು ಬರುವುದು ಸಂಜೆ, ಹಾಗಾಗಿ ಆಫೀಸಿಗೆ ಹೋಗಿ ಬಂದು ಮೈದಾನ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮಣ್ಣಿನ ಟ್ರ್ಯಾಕಿನ ಮೇಲೆ ಸುಣ್ಣದ ಗೆರೆ ಹೊಸದಾಗಿ ಎಳೆದಿದ್ದರು. ಹುಡುಗಿಯರು ಸಾಲಾಗಿ ಓಡುತ್ತಿದ್ದರು. ಒಂದನೇ ಲೇನಿನಲ್ಲಿ ಒಬ್ಬಳು, ಎರಡರಲ್ಲಿ ಒಬ್ಬಳು, ನಾಲ್ಕರಲ್ಲಿ, ಐದರಲ್ಲಿ.

ಮೂರನೆಯದು ಖಾಲಿ ಇತ್ತು.

ನಾನು ತುಂಬಾ ಹೊತ್ತು ಆ ಖಾಲಿ ಲೇನನ್ನೇ ನೋಡಿದೆ. ಇದನ್ನು ಮಾನ್ಯಗೆ ಹೇಳಬೇಕು, ಹೇಳಿದಾಗ ಅವಳ ಮುಖ ನೋಡಬೇಕು ಅಂತ ಆಸೆಯಾಯಿತು.

ಓಟ ಮುಗಿಸಿ ಬಂದ ರಮ್ಯಾಳನ್ನು ಹಿಡಿದೆ. ಮಾನ್ಯ ಗೆದ್ದ ದಿನ ಎರಡನೆಯವಳಾಗಿ ಬಂದವಳು ಇವಳು. ಮಾನ್ಯ ಹೊರಬಿದ್ದರೆ ಮೊದಲ ಲಾಭ ಇವಳಿಗೇ. ಹಾಗಾಗಿ ನನ್ನ ಅನುಮಾನದ ಸಾಲಿನಲ್ಲಿ ಇವಳನ್ನು ಮುಂದೆ ಕೂರಿಸಿಕೊಂಡೇ ಬಂದಿದ್ದೆ. ಆ ಮೂರನೇ ಲೇನು ಯಾಕೆ ಖಾಲಿ ಬಿಟ್ಟಿದ್ದೀರಿ ಅಂತ ಕೇಳಿದಾಗ ಅವಳ ಕಣ್ಣಲ್ಲಿ ನೀರು ತುಂಬಿತು. ಯಾರೂ ಹೇಳಿದ್ದಲ್ಲವಂತೆ, ಯಾರಿಗೂ ಅದರಲ್ಲಿ ಕಾಲಿಡಲು ಮನಸ್ಸು ಬರುವುದಿಲ್ಲವಂತೆ. ಅನುಮಾನದ ಸಾಲಿನಿಂದ ಅವಳನ್ನು ಎಬ್ಬಿಸಿ ಕಳಿಸಿದೆ.

ಕ್ಲಬ್ ರೂಮಿನ ಗೋಡೆಯ ಪಕ್ಕ ಕ್ರೋಟನ್ ಗಿಡಗಳ ಸಾಲು. ಅಲ್ಲೇ ಒಂದು ಬೆಂಚಿನ ಮೇಲೆ ಕೆಟಲ್, ಸ್ಟೀಲ್ ಲೋಟಗಳು. ಹುಡುಗಿಯರು ಬಂದು ಹಾಲು ಬಗ್ಗಿಸಿಕೊಂಡು ಕುಡಿದರು. ಕುಡಿದವರೆಲ್ಲ ಕೊನೆಯ ಗುಟುಕನ್ನು ಗಿಡದ ಬುಡಕ್ಕೆ ಚೆಲ್ಲಿದರು. ಒಬ್ಬಳೂ ತಪ್ಪಲಿಲ್ಲ.

ನಾನು ಬೆಂಚಿನ ಹತ್ತಿರ ಹೋದೆ. ಯಾಕೆ ಚೆಲ್ಲುತ್ತೀರಿ ಅಂದೆ.

ರಮ್ಯಾ ಮುಖ ಕಿವುಚಿದಳು. "ಈಗ ಪರವಾಗಿಲ್ಲ ಮೇಡಂ. ಮುಂಚೆ ತಳದಲ್ಲಿ ಮರಳು ಮರಳು, ಕಹಿ ಬೇರೆ. ಸರ್ ಹಾಲಿಗೆ ಮೊಟ್ಟೆ ಒಡೆದು ಹಾಕ್ತಾರೆ, ಬಾದಾಮಿ, ಅದೇನೋ ಪುಡಿ. ಆಗಿಂದ ಚೆಲ್ಲಿ ಚೆಲ್ಲಿ ಅಭ್ಯಾಸ ಆಗ್ಬಿಟ್ಟಿದೆ."

"ಮಾನ್ಯಾನೂ ಚೆಲ್ತಿದ್ಲಾ?"

"ಅವಳಾ? ಅವಳು ಲೋಟ ತೊಳೆದು ಆ ನೀರೂ ಕುಡೀತಾಳೆ. ಎಷ್ಟು ರೇಗಿಸಿದೀವಿ ಗೊತ್ತಾ."

ಆ ಕ್ಷಣ ನನಗೆ ಎಲ್ಲ ಬಿಡಿಸಿಟ್ಟ ಹಾಗೆ ಕಂಡಿತು. ನೀರಿನಲ್ಲಿ ಕರಗದ ಮಾತ್ರೆಯ ಪುಡಿ ಹಾಲಿನ ತಳ ಸೇರುತ್ತದೆ. ಎಲ್ಲರ ಲೋಟದಲ್ಲೂ ಅದೇ ಹಾಲು, ಅದೇ ಪುಡಿ. ಉಳಿದವರು ತಳವನ್ನು ಗಿಡಕ್ಕೆ ಹಾಕಿದರು, ಬಚಾವಾದರು. ಒಂದು ತೊಟ್ಟೂ ಬಿಡಬಾರದು ಅಂತ ಮನೆಯಲ್ಲಿ ಕಲಿತವಳು ತಳವನ್ನೂ ತೊಳೆದು ಕುಡಿದಳು, ಅವಳೊಬ್ಬಳೇ ಸಿಕ್ಕಿಬಿದ್ದಳು.

ಕೇಸು ಬಿಡಿಸಿದ ಖುಷಿ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ, ಆ ಹಾಲು ಕಲೆಸುವ ಕೈ ಯಾರದು ಅನ್ನುವುದು ನೆನಪಾಯಿತು.

*

ಶಿವು ಕ್ಲಬ್ ರೂಮಿನಲ್ಲಿ ಹರ್ಡಲ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಕತ್ತಿನಲ್ಲಿ ಅದೇ ಹಳೆಯ ವಿಷಲ್, ನಾನು ಚಿಕ್ಕಪೇಟೆಯಿಂದ ತಂದುಕೊಟ್ಟಿದ್ದು. ದಾರ ಮಾತ್ರ ಬದಲಾಗಿತ್ತು.

"ಬಾ ವಿನು, ಕೂತ್ಕೋ," ಎಂದ. ನಾನು ಕೂರಲಿಲ್ಲ. ಕೂತರೆ ಕೇಳಲು ಆಗುವುದಿಲ್ಲ ಅಂತ ಗೊತ್ತಿತ್ತು.

"ಹಾಲಿಗೆ ಏನ್ ಪುಡಿ ಹಾಕ್ತಿದ್ದೆ ಶಿವು?"

"ಬಾದಾಮಿ."

"ಬಾದಾಮಿ ಮರಳು ಮರಳಾಗಿ ತಳದಲ್ಲಿ ಕೂರುತ್ತಾ? ಹುಡ್ಗೀರೆಲ್ಲಾ ಗಿಡಕ್ಕೆ ಚೆಲ್ಲೋಷ್ಟು ಕಹಿಯಾಗಿರುತ್ತಾ?"

ಅವನು ಹರ್ಡಲ್ ಬಿಟ್ಟು ತಿರುಗಿದ. ನಾನು ನಿಲ್ಲಿಸಲಿಲ್ಲ. ತಳ ಸೇರುವ ಪುಡಿ, ಗಿಡಕ್ಕೆ ಚೆಲ್ಲಿದ ಗುಟುಕು, ಲೋಟ ತೊಳೆದು ಕುಡಿದ ಹುಡುಗಿ, ಎಲ್ಲವನ್ನೂ ಅವನ ಮುಂದೆ ಇಟ್ಟೆ. ಇಲ್ಲ ಅನ್ನು, ಒಂದು ಸಲ ಇಲ್ಲ ಅನ್ನು ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅವನು ಪೂರ್ತಿ ಕೇಳಿದ. ಆಮೇಲೆ ತಲೆ ಅಲ್ಲಾಡಿಸಿದ.

"ನೀನೂ ಮೊಟ್ಟೆ ತಿಂತೀಯ, ನಾನೂ ತಿಂತೀನಿ. ಅದಕ್ಕೇ ನಿಂಗೆ ಹೊಳೀಲಿಲ್ಲ. ಮೊಟ್ಟೆ ಒಡೆದು ಹಾಕಿದ ಹಾಲನ್ನ ಗಂಗಾಧರಯ್ಯನೋರ ಮಗಳು ಕುಡೀತಾಳಾ ವಿನು?"

ನಾನು ಹರ್ಡಲ್ ಒಂದನ್ನು ಹಿಡಿದುಕೊಂಡೆ.

ಶಿವು ಕಪಾಟಿನ ಮೇಲಿಂದ ಒಂದು ಪುಟ್ಟ ಹಿತ್ತಾಳೆ ಚೊಂಬು ಇಳಿಸಿದ. ಒಂದು ಸ್ಟೀಲ್ ಲೋಟ ಅದರ ಬಾಯಿಗೆ ಬೋರಲು ಹಾಕಿತ್ತು. ಎರಡರ ಮೇಲೂ ತೆಳುವಾಗಿ ಧೂಳು ಕೂತಿತ್ತು. ಮಾನ್ಯ ಕ್ಲಬ್ಬಿಗೆ ಸೇರಿದ ದಿನವೇ ದಾಕ್ಷಾಯಣಮ್ಮ ಕೊಟ್ಟು ಹೋದದ್ದಂತೆ. ಅವಳ ಹಾಲು ಬೇರೆ ಕಾಯಿಸಿ, ಬೇರೆ ಚೊಂಬಿನಲ್ಲಿ, ಬೇರೆ ಸೌಟಿನಲ್ಲಿ. ಕೆಟಲ್ಲಿನ ಹಾಲಿನ ಒಂದು ಹನಿ ಅವಳ ಲೋಟಕ್ಕೆ ಬಿದ್ದಿಲ್ಲವಂತೆ. ಬಿದ್ದಿದ್ದರೆ ವಾಸನೆಯಲ್ಲೇ ಗೊತ್ತಾಗಿ ಅವಳು ವಾಂತಿ ಮಾಡಿಕೊಳ್ಳುತ್ತಿದ್ದಳಂತೆ.

ಮೊಟ್ಟೆ. ರಮ್ಯಾ ಬಾಯಿಬಿಟ್ಟು ಹೇಳಿದ್ದಳು. ಮಾನ್ಯಳ ಹಣೆಯ ವಿಭೂತಿಯನ್ನು ಬೆಳಿಗ್ಗೆ ತಾನೇ ಕಣ್ಣಾರೆ ನೋಡಿದ್ದೆ. ಎರಡನ್ನೂ ಒಂದು ಕಡೆ ಇಟ್ಟು ನೋಡಲಿಲ್ಲ. ದಿನಾ ಬೆಳಿಗ್ಗೆ ಮೊಟ್ಟೆ ಬೇಯಿಸಿಕೊಂಡು ತಿನ್ನುವ ನನಗೆ ಅದು ಕಣ್ಣಿಗೇ ಬೀಳಲಿಲ್ಲ.

ಮನಸ್ಸು ಒಂದು ಕ್ಷಣ ಹಗುರವಾಯಿತು. ಇವನಲ್ಲ. ನನ್ನ ಶಿವು ಅಲ್ಲ. ಹಾಗಂದುಕೊಂಡು ಬಾಗಿಲ ಕಡೆ ತಿರುಗಿದವಳು ಅಲ್ಲೇ ನಿಂತೆ. ಯಾಕೆಂದರೆ ನಾನು ಕೇಳಿದ ಮೊದಲ ಪ್ರಶ್ನೆಗೆ ಅವನಿನ್ನೂ ಉತ್ತರ ಕೊಟ್ಟಿರಲಿಲ್ಲ.

"ಕೆಟಲ್‌ಗೆ ಹಾಕ್ತಿದ್ದ ಪುಡಿ ಯಾವ್ದು?"

ಹೊರಗೆ ಹುಡುಗಿಯರ ನಗು ಕೇಳುತ್ತಿತ್ತು. ಅವನು ಹೋಗಿ ಬಾಗಿಲು ಮುಂದೆ ಮಾಡಿದ. ಆ ಬಾಗಿಲು ಮುಚ್ಚಿದಾಗಲೇ ನನಗೆ ಉತ್ತರ ಸಿಕ್ಕಿತ್ತು.

"ಮಾತ್ರೆ," ಎಂದ ಕೊನೆಗೆ. "ಕುಟ್ಟಿ ಹಾಕ್ತಿದ್ದೆ. ಹುಡ್ಗೀರಿಗೆ ಗೊತ್ತಿಲ್ಲ."

ಆಮೇಲೆ ತಡೆಯಿಲ್ಲದೆ ಹೇಳಿದ. ಜಿಮ್ಮಿಗೆ ಮಾಲು ಕೊಡುವ ಒಬ್ಬ ಪರಿಚಯವಾಗಿದ್ದನಂತೆ. ಬೇರೆ ಕಡೆಯವರೆಲ್ಲ ಹಾಕುತ್ತಾರೆ, ಹಾಕದ ನಾವೇ ಪೆದ್ದರು ಅಂತ ಅನ್ನಿಸಿತಂತೆ. ಕೂಟಕ್ಕೆ ಬಹಳ ಮುಂಚೆಯೇ ನಿಲ್ಲಿಸಿಬಿಡುತ್ತಿದ್ದನಂತೆ, ಅದಕ್ಕೇ ಯಾರ ಸ್ಯಾಂಪಲ್‌ನಲ್ಲೂ ಸಿಗಲಿಲ್ಲ. ಕಾವೇರಮ್ಮ ಡಾಕ್ಟರು ಬಂದು ಪಾಠ ಮಾಡಿದ ದಿನ ಹುಡುಗಿಯರ ಜೊತೆ ತಾನೂ ನೆಲದ ಮೇಲೆ ಕೂತು ಕೇಳಿದನಂತೆ. ಕೇಳಿ ಎದ್ದು ಹೋಗಿ ಅದೇ ಕೆಟಲ್ಲಿಗೆ ಅದೇ ಪುಡಿ ಕಲೆಸಿದನಂತೆ.

ನನಗೆ ಕೋಪ ಬರಬೇಕಿತ್ತು. ಕೋಪಕ್ಕಿಂತ ಮೊದಲು ಅಳು ಬಂತು. ಇಷ್ಟು ವರ್ಷ ನಾನು ಕಾದದ್ದು ಈ ಕೈಗಾಗಿಯೇ. ನಂಬಿಕೊಂಡು ಬಂದ ಹೆಣ್ಣುಮಕ್ಕಳ ಲೋಟಕ್ಕೆ ಇದೇ ಕೈ ವಿಷ ಬಗ್ಗಿಸುತ್ತಿತ್ತು.

"ಮಾನ್ಯಗೆ ಯಾಕೆ ಹಾಕ್ಲಿಲ್ಲ? ಅವಳ ಚೊಂಬಿಗೂ ಹಾಕ್ಬೋದಿತ್ತಲ್ಲ."

ಅವನು ಚೊಂಬಿನ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿದ.

"ಅವಳಿಗೆ ಬೇಕಾಗಿರ್ಲಿಲ್ಲ ವಿನು. ಬರೀ ಹಾಲು ಕುಡ್ಕೊಂಡೇ ಎಲ್ಲಾರನ್ನೂ ಹಿಂದೆ ಹಾಕ್ತಿದ್ಲು. ಅವಳು ಓಡೋದನ್ನ ನೋಡ್ದಾಗೆಲ್ಲಾ, ಇನ್ನೇನು ಬಂತು ಆ ಮೆಡಲ್ಲು, ಮತ್ತಿಕೆರೆಗೆ ಹೋಗಿ ನಿಮ್ಮಪ್ಪನ ಹತ್ರ ಮಾತಾಡ್ಬೇಕು ಅಂದ್ಕೊಳ್ತಿದ್ದೆ."

ಅಪ್ಪ ಹೋಗಿ ಆರು ವರ್ಷವಾಯಿತು. ಅದು ಅವನಿಗೂ ಗೊತ್ತು, ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಈ ಮಾತನ್ನು ಅವನ ಬಾಯಲ್ಲಿ ಕೇಳಬೇಕೆಂದು ಎಷ್ಟು ಸಲ ಹಂಬಲಿಸಿದ್ದೆನೋ ಲೆಕ್ಕವಿಲ್ಲ. ಇವತ್ತು, ಈ ರೂಮಿನಲ್ಲಿ, ಈ ಮಾತಿನ ಜೊತೆ ಕೇಳಬೇಕಾಗಿ ಬಂತು.

ನಾಳೆ ಸಮಿತಿಯ ಮುಂದೆ ಬಂದು ಇದನ್ನೆಲ್ಲ ಹೇಳುತ್ತೀಯಾ ಅಂತ ಕೇಳಿದೆ. ಹೇಳುತ್ತೇನೆ ಅಂದ. ಆ ಒಂದು ಮಾತಿನಲ್ಲಿ ಅವನ ಕ್ಲಬ್ಬು, ಅವನ ಕೆಲಸ ಎಲ್ಲ ಹೋಗುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಬೇಕಿದ್ದರೆ ಮಾನ್ಯಳ ಚೊಂಬಿಗೂ ತಾನೇ ಹಾಕಿದ್ದು ಅಂತ ಸುಳ್ಳು ಹೇಳಲೂ ತಯಾರು ಅಂದ. ಹುಡುಗಿ ಮತ್ತೆ ಓಡುವುದಾದರೆ ಸಾಕು.

ಆಮೇಲೆ ಅವನೇ ಮಾತು ತಡೆದು, ನನ್ನ ಮುಖ ನೋಡಿದ.

"ಆದ್ರೆ ಒಂದು ಯೋಚ್ನೆ ಮಾಡು. ಸಸ್ಪೆಂಡ್ ಆದಾಗಿಂದ ಅವಳು ಈ ಕಡೆ ಕಾಲಿಟ್ಟಿಲ್ಲ. ಇಲ್ಲಿ ಒಂದು ತೊಟ್ಟು ನೀರೂ ಕುಡಿದಿಲ್ಲ. ನಾಳೆ ತೆಗೆಯೋ ಸ್ಯಾಂಪಲ್‌ನಲ್ಲಿ ಮತ್ತೆ ಅದೇ ಸಿಕ್ಕಿದ್ರೆ, ನಾನು ಹಾಕ್ದೆ ಅಂತ ಹೇಳಿದ್ರೂ ಯಾರ್ ನಂಬ್ತಾರೆ? ಅವಳು ಈಗ ಊಟ ಮಾಡ್ತಿರೋದೆಲ್ಲಿ?"

ಮನೆಯಲ್ಲಿ. ಅಮ್ಮ ಮಾಡಿದ್ದೊಂದೇ. ಅದಕ್ಕಿಂತ ಸುರಕ್ಷಿತ ಇನ್ನೊಂದಿಲ್ಲ.

ಬೆಳಗಿನ ನಡುಮನೆ ಕಣ್ಣ ಮುಂದೆ ಬಂದು ನಿಂತಿತು. ಒಂದೇ ಪಾತ್ರೆಯಿಂದ ಬಗ್ಗಿಸಿದ ಎರಡು ಲೋಟ ಹಾಲು. ಅಂಗಡಿಯಿಂದ ಪುಡಿ ಮಾಡಿಸಿ ಡಬ್ಬಿ ತುಂಬಿ ತರುವವನು ಒಬ್ಬನೇ. ಒಂದು ತೊಟ್ಟೂ ಬಿಡಬಾರದು ಅಂತ ಕಲಿಸಿದ ಮನೆಯಲ್ಲಿ ಹುಟ್ಟಿ ಬೆಳೆದು, ತಳದ ಗುಟುಕನ್ನು ಬಿಟ್ಟವನೂ ಅವನೊಬ್ಬನೇ. ಅಮ್ಮನ ಕೈಯಿಂದ ಆ ಲೋಟವನ್ನು ಕಸಿದುಕೊಂಡದ್ದನ್ನು ನಾನು ಅಕ್ಕರೆ ಅಂದುಕೊಂಡಿದ್ದೆ. ಅದು ಅಕ್ಕರೆಯೇ ಇರಬಹುದು. ತಳದಲ್ಲಿ ಏನಿದೆ ಅಂತ ಗೊತ್ತಿದ್ದವನ ಅಕ್ಕರೆ.

ಅಮ್ಮ ಕುಡಿಯಬಾರದು ಅಂತ ಕಸಿದುಕೊಂಡ. ಅವನ ಪಕ್ಕದಲ್ಲೇ ತಂಗಿ ಲೋಟ ತೊಳೆದು ಕುಡಿಯುವಾಗ ನೋಡುತ್ತಾ ಸುಮ್ಮನೆ ಕೂತಿದ್ದ, ತನ್ನ ಓಟವನ್ನು ಅವಳಿಗೆ ಬಿಟ್ಟುಕೊಟ್ಟು ಬೂಟನ್ನು ಮೊಳೆಗೆ ನೇತುಹಾಕಿದವನು.

ಈ ಕೇಸಿಗೆ ನನ್ನನ್ನು ಕೈ ಮುಗಿದು ಕರೆದವನೂ ಅವನೇ, ನಾನು ಮನೆಯನ್ನು ಬಿಟ್ಟು ಮೈದಾನದ ಕಡೆ ನೋಡಲಿ ಅಂತ.

*

ಹೊರಗೆ ಓಡಿ ಬಂದೆ. ಸಂಜೆಯ ಹೂವಿನ ಬುಟ್ಟಿಗಳು ಫುಟ್‌ಪಾತಿನ ಮೇಲೆ ಕೂತಾಗಿತ್ತು. ಹಾಲು ಎರಡು ಹೊತ್ತು ಅಂದಿದ್ದರು ದಾಕ್ಷಾಯಣಮ್ಮ. ಬೆಳಗಿನದು ಹೋಗಿಯಾಗಿತ್ತು, ಸಂಜೆಯದನ್ನಾದರೂ ತಡೆಯಬೇಕು. ಆ ಮನೆಯಲ್ಲಿ ಸಂಜೆ ದೀಪ ಹಚ್ಚಿ ಪೂಜೆ ಮುಗಿದ ಮೇಲೆ ಹಾಲು. ಇನ್ನೂ ಮುಗಿದಿರಲಿಕ್ಕಿಲ್ಲ, ಇನ್ನೂ ಮುಗಿದಿರಲಿಕ್ಕಿಲ್ಲ ಅಂತ ಹೇಳಿಕೊಳ್ಳುತ್ತಾ ಬೀಡಾ ಅಂಗಡಿಯ ಕೆಂಪು ಫೋನಿಗೆ ರೂಪಾಯಿ ನಾಣ್ಯ ಹಾಕಿದೆ. ಮೊದಲ ಸಲ ನಂಬರು ತಪ್ಪಿ ನಾಣ್ಯ ಹೋಯಿತು. ಹಿಂದೆಯೇ ಓಡಿ ಬಂದ ಶಿವು ತನ್ನ ಜೇಬಿನಿಂದ ಇನ್ನೊಂದು ನಾಣ್ಯ ತೆಗೆದು ಕೊಟ್ಟ.

ಗಂಟೆ ಹೊಡೆಯಿತು. ಇನ್ನೂ ಹೊಡೆಯಿತು. ಫೋನು ಎತ್ತಿದ್ದು ಮನೋಹರ್.

"ಹೇಳಿ ಮೇಡಂ," ಎಂದ, ಎಂದಿನ ಮೆದು ದನಿಯಲ್ಲಿ.

ನನ್ನ ದನಿಯನ್ನು ಹೇಗೋ ಹಿಡಿತಕ್ಕೆ ತಂದುಕೊಂಡೆ. ಮಾನ್ಯಗೆ ಫೋನು ಕೊಡಿ, ನಾಳೆ ಬೆಳಿಗ್ಗೆ ಟೆಸ್ಟು ಮುಗಿಯುವವರೆಗೆ ಅವಳು ಏನೂ ಕುಡಿಯುವುದು ಬೇಡ, ಡಾಕ್ಟರು ಹೇಳಿದ್ದಾರೆ ಅಂದೆ. ಡಾಕ್ಟರು ಹಾಗೇನೂ ಹೇಳಿರಲಿಲ್ಲ.

ಆ ಕಡೆಗೆ ಕಿವಿಗೊಟ್ಟೆ. ಪೂ‌ಜೆಯ ಗಂಟೆಯ ಸದ್ದು ಕೇಳಿಸಲಿಲ್ಲ. ಪೂಜೆ ಮುಗಿದಾಗಿತ್ತು.

"ಈಗ ತಾನೇ ಕುಡಿದ್ಲು ಮೇಡಂ," ಎಂದ ಮನೋಹರ್. "ಲೋಟ ತೊಳೆದ ನೀರೂ ಕುಡಿದಾಯ್ತು. ನಾನೇ ಎದುರಿಗೆ ಕೂತ್ಕೊಂಡು ಕುಡಿಸ್ದೆ."

ಅವನ ಹಿಂದಿನಿಂದ, ದೂರದಿಂದ, ಮಾನ್ಯಳ ದನಿ ಕೇಳಿಸಿತು.

"ವಿನುತಾ ಮೇಡಂನಾ ಅಣ್ಣ? ನನ್ನ ಲೇನಲ್ಲಿ ಯಾರಿದ್ರು ಅಂತ ಕೇಳು."